ಡಿಟಿಪಿ ಅಂಗಡಿಯ ಕಂಪ್ಯೂಟರನ್ನು ವಿಂಡೋಸ್ 11ಕ್ಕೆ ಏರಿಸಿದ್ದು: ಹಳೆ ಫೈಲು, ನುಡಿ ಫಾಂಟು, ಪೇಜ್‌ಮೇಕರ್ ಎಲ್ಲ ಉಳಿಸಿಕೊಂಡು

ಉಡುಪಿ ರಥಬೀದಿಯ ಹಿಂದಿನ ಓಣಿಯಲ್ಲಿ ಪರಿಚಯದ ಅಕ್ಕನ ಡಿಟಿಪಿ ಅಂಗಡಿ ಉಂಟು. ಮದುವೆ, ಉಪನಯನ, ಗೃಹಪ್ರವೇಶ, ಬೊಜ್ಜ (ಉತ್ತರಕ್ರಿಯೆ), ನೇಮ (ದೈವದ ಕೋಲ), ಬ್ರಹ್ಮಕಲಶ, ಯಕ್ಷಗಾನದ ಕರಪತ್ರ, ಎಲ್ಲವೂ ಅಲ್ಲಿ ತಯಾರಾಗುತ್ತವೆ. ಒಂದು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಒಂದು ಸ್ಕ್ಯಾನರ್. ಅಷ್ಟೇ. ಆ ಕಂಪ್ಯೂಟರನ್ನು ವಿಂಡೋಸ್ 10ರಿಂದ 11ಕ್ಕೆ ಏರಿಸಿದ ಕೆಲಸದ ವಿವರ ಇದು. ಇಂಥ ಅಂಗಡಿಗಳು ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಬೇಕಾದಷ್ಟಿವೆ. ಹೆಚ್ಚುಕಡಿಮೆ ಇದೇ ಥರದ ಯಂತ್ರ, ಇದೇ ಥರದ ಫೈಲು. ಹಾಗಾಗಿ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ಅಕ್ಕ ಕೇಳಿದ್ದು ಒಂದೇ ಮಾತು. "ನನ್ನ ಹಳೆ ಫೈಲಿಗೆ ಎಂತ ಆಗ್ಲಿಕ್ಕಿಲ್ಲ ಅಲ್ವಾ ಮಾರಾಯ? ಅದು ಹೋದ್ರೆ ನಾನು ಅಂಗಡಿ ಬಾಗಿಲು ಹಾಕ್ಬೇಕಷ್ಟೆ."

ಅವರ ಹೆದರಿಕೆಗೆ ಕಾರಣ ಉಂಟು. ದೈವಸ್ಥಾನದವರು ಬಂದು "ಹೋದ ವರ್ಷದ್ದೇ ಮಾಡಿ, ತಾರೀಕು ಮಾತ್ರ ಬದಲಾಯಿಸಿ" ಅನ್ನುತ್ತಾರೆ. ಸಂವತ್ಸರ, ತಿಥಿ, ವಾರ ಬದಲಾಗುತ್ತದೆ. ಉಳಿದದ್ದೆಲ್ಲ ಹಾಗೇ. ಗುತ್ತಿನ ಮನೆಯವರ (ಊರಿನ ಹಿರಿಯ ಮನೆತನದವರ) ಹೆಸರು ಎಲ್ಲಿ ಬರಬೇಕು, ಯಾರ ಕೆಳಗೆ ಯಾರು, ತಂತ್ರಿಗಳ ಹೆಸರಿನ ಹಿಂದೆ ಏನು ಸೇರಿಸಬೇಕು, ಇದೆಲ್ಲ ವರ್ಷಗಟ್ಟಲೆ ತಿದ್ದಿ ತಿದ್ದಿ ಸರಿಯಾದದ್ದು. ಒಂದು ಹೆಸರು ಆಚೆ ಈಚೆ ಆದರೂ ಊರಲ್ಲಿ ಮಾತಾಗುತ್ತದೆ. ಆ ಹಳೆ ಫೈಲುಗಳೇ ಅಂಗಡಿಯ ಬಂಡವಾಳ.

ಹಾಗಾದರೆ ವಿಂಡೋಸ್ 10ರಲ್ಲೇ ಇರಬಹುದಿತ್ತಲ್ಲ? 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸಿತು. ಮನೆಯಲ್ಲಿ ಸುಮ್ನೆ ಇಟ್ಟ ಕಂಪ್ಯೂಟರ್ ಆದರೆ ಬೇರೆ ಮಾತು. ಇದು ದಿನವಿಡೀ ಗಿರಾಕಿಗಳ ಪೆನ್‌ಡ್ರೈವ್ ಚುಚ್ಚುವ ಯಂತ್ರ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೈಲನ್ನೆಲ್ಲ ತೆರೆಯುವ ಯಂತ್ರ. ಭದ್ರತಾ ಅಪ್‌ಡೇಟ್ ಇಲ್ಲದೆ ಇದನ್ನು ನಡೆಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಸೀಸನ್ ಮಧ್ಯೆ ಯಂತ್ರ ಬಿಚ್ಚುವ ಹಾಗೂ ಇಲ್ಲ. ಅದಕ್ಕೆ ಮೈಕ್ರೋಸಾಫ್ಟ್ ಕೊಟ್ಟ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಗೆ ಮೊದಲು ಸೇರಿಸಿದೆ. ಅದು 2026ರ ಅಕ್ಟೋಬರ್ 13ರವರೆಗೆ ಇರುವಂಥದ್ದು. ಮೈಕ್ರೋಸಾಫ್ಟ್ ಖಾತೆಯಲ್ಲಿ ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ದುಡ್ಡು ಕೊಡಬೇಕಾಗಿಲ್ಲ.

ಕೆಲಸಕ್ಕೆ ಇಳಿದದ್ದು ಪತ್ತನಾಜೆ (ತುಳುನಾಡಿನಲ್ಲಿ ಮೇ ಕೊನೆಗೆ ಬರುವ, ಉತ್ಸವಗಳು ಮುಗಿಯುವ ದಿನ) ಕಳೆದ ಮೇಲೆ. ನೇಮ, ಯಕ್ಷಗಾನದ ಆಟ ಎಲ್ಲ ನಿಂತಿರುತ್ತದೆ, ಮದುವೆಯೂ ಕಡಿಮೆ, ಅಂಗಡಿಗೆ ಪುರುಸೊತ್ತು. ತೊಂದರೆ ಇರುವುದು ಕರೆಂಟಿನದ್ದು. ಗುಡುಗು ಸಿಡಿಲಿನ ಹೆದರಿಕೆ ಮಳೆಗೆ ಮೊದಲು ಮತ್ತು ಅಕ್ಟೋಬರ್ ಹೊತ್ತಿಗೆ ಜಾಸ್ತಿ. ಜೋರು ಮಳೆಯಲ್ಲಿ ಆಗುವುದು ಗಾಳಿಗೆ ಮರ ಬಿದ್ದು ಲೈನ್ ಹೋಗುವುದು. ಆದ್ದರಿಂದ ಮೊದಲು ಯುಪಿಎಸ್ ಪರೀಕ್ಷೆ. ಕಂಪ್ಯೂಟರನ್ನು ಬಯಾಸ್ ಪರದೆಯಲ್ಲಿ (ವಿಂಡೋಸ್ ತೆರೆಯುವ ಮೊದಲಿನ ಸೆಟ್ಟಿಂಗ್ ಪರದೆ) ನಿಲ್ಲಿಸಿ ಗೋಡೆಯ ಸ್ವಿಚ್ ಆಫ್ ಮಾಡಿದೆ. ಕ್ಷಣದಲ್ಲಿ ಎಲ್ಲ ಕಪ್ಪು. ಬ್ಯಾಟರಿ ಸತ್ತಿತ್ತು, ದೀಪ ಮಾತ್ರ ಹಸಿರು ತೋರಿಸುತ್ತಿತ್ತು. ಹೊಸ ಬ್ಯಾಟರಿ ಹಾಕಿಸಿದ ಮೇಲೆಯೇ ಮುಂದಿನ ಕೆಲಸ.

ಯಂತ್ರದ ಜಾತಕ

ಇಂಟೆಲ್ ಐ5-8400 ಪ್ರೊಸೆಸರ್, 8 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ಇಲ್ಲೇ ಜೋಡಿಸಿ ಕೊಟ್ಟದ್ದು. ಸಿ, ಡಿ, ಇ ಎಂದು ಮೂರು ಡ್ರೈವ್. ಮೈಕ್ರೋಸಾಫ್ಟ್‌ನ ತಪಾಸಣೆಯ ಆ್ಯಪ್ "ಈ ಕಂಪ್ಯೂಟರಿಗೆ ವಿಂಡೋಸ್ 11 ಆಗುವುದಿಲ್ಲ" ಎಂದು ತೋರಿಸಿತು. ಅದನ್ನು ನೋಡಿ ಯಾರೋ ಅಕ್ಕನಿಗೆ "ಹೊಸತೇ ತಗೊಳ್ಳಿ" ಅಂದಿದ್ದರಂತೆ.

ಅಲ್ಲಿ ಸ್ವಲ್ಪ ನಿಂತು ನೋಡಬೇಕು. ವಿಂಡೋಸ್ 11 ಕೇಳುವುದು ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಆಮೇಲಿನದ್ದು, 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಯುಇಎಫ್ಐ (ಬಯಾಸ್‌ನ ಹೊಸ ಕ್ರಮ), ಸೆಕ್ಯೂರ್ ಬೂಟ್ (ನಂಬಬಹುದಾದ ತಂತ್ರಾಂಶದಿಂದ ಮಾತ್ರ ಶುರುವಾಗುವ ವ್ಯವಸ್ಥೆ), ಟಿಪಿಎಂ 2.0 (ಭದ್ರತಾ ಕೀಲಿಗಳನ್ನು ಇಡುವ ಭಾಗ). ಐ5-8400 ಎಂಟನೆಯ ತಲೆಮಾರಿನದ್ದೇ. ಟಿಪಿಎಂ ಅಂದರೆ ಬೇರೆ ಚಿಪ್ ತಂದು ಹಾಕಬೇಕೆಂದಿಲ್ಲ. ಇಂಟೆಲ್‌ನಲ್ಲಿ ಪಿಟಿಟಿ ಎಂಬ ಹೆಸರಿನಲ್ಲಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಒಳಗೇ ಇರುತ್ತದೆ, ಬಯಾಸ್‌ನಲ್ಲಿ ಆಫ್ ಆಗಿರುತ್ತದೆ ಅಷ್ಟೇ. ಇಲ್ಲಿ ನಿಜವಾದ ತೊಡಕು ಬೇರೆ ಇತ್ತು. ಸಿಸ್ಟಮ್ ಇನ್ಫರ್ಮೇಷನ್ ತೆರೆದರೆ "ಬಯಾಸ್ ಮೋಡ್: ಲೆಗಸಿ" ಎಂದು ಬರೆದಿತ್ತು. ಲೆಗಸಿ ಅಂದರೆ ಹಳೆ ಕ್ರಮ. ಡಿಸ್ಕ್ ಎಂಬಿಆರ್ ಮಾದರಿಯದ್ದು, ಅಂದರೆ ಡಿಸ್ಕಿನ ಭಾಗಗಳ (ಪಾರ್ಟಿಷನ್) ಲೆಕ್ಕ ಇಡುವ ಹಳೆ ವಿಧಾನ. ಅದನ್ನು ಹೊಸ ವಿಧಾನವಾದ ಜಿಪಿಟಿಗೆ ಬದಲಾಯಿಸದೆ ಯುಇಎಫ್ಐನಲ್ಲಿ ಬೂಟ್ ಆಗುವುದಿಲ್ಲ. ಬದಲಾಯಿಸುವುದು ಅಂದ ಕೂಡಲೇ ಫೈಲಿನ ಭಯ ಬರುತ್ತದೆ.

ಆಮೇಲೆ ಡಿಸ್ಕಿನ ಆರೋಗ್ಯ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿದರೆ ಹಳದಿ ಬಣ್ಣದಲ್ಲಿ "ಕಾಶನ್". ಕರೆಂಟ್ ಪೆಂಡಿಂಗ್ ಸೆಕ್ಟರ್ ಎಂಬ ಸಾಲಿನಲ್ಲಿ ಸೊನ್ನೆಯ ಬದಲು ಬೇರೆ ಸಂಖ್ಯೆ ಇತ್ತು. ಡಿಸ್ಕಿಗೆ ಓದಲಾಗದೆ "ಆಮೇಲೆ ನೋಡೋಣ" ಎಂದು ಬದಿಗಿಟ್ಟ ಜಾಗಗಳು ಅವು. ಇಂಥ ಡಿಸ್ಕಿನ ಮೇಲೆ ವಿಂಡೋಸ್ ಅಪ್‌ಗ್ರೇಡ್ ಓಡಿಸುವುದು ಬೇಡವೇ ಬೇಡ. ಚೆಕ್‌ಡಿಸ್ಕ್ ಓಡಿಸಿ "ರಿಪೇರಿ" ಮಾಡುವುದು ಕೂಡ ಕಾಪಿ ಆಗುವವರೆಗೆ ಬೇಡ. ಡಿಸ್ಕ್ ಇನ್ನೂ ಓದುತ್ತಿರುವಾಗಲೇ ಇರುವುದನ್ನೆಲ್ಲ ಹೊರಗೆ ತೆಗೆಯಬೇಕು.

ಹಾಗಾಗಿ ಇಟ್ಟುಕೊಂಡ ದಾರಿ ಇದು. ಮೊದಲು ಎಲ್ಲವನ್ನೂ ಹೊರಗಿನ ಡಿಸ್ಕಿಗೆ ಕಾಪಿ. ಆಮೇಲೆ ಸಿ ಡ್ರೈವ್ ಮಾತ್ರ ಹೊಸ ಎಸ್‌ಎಸ್‌ಡಿಗೆ (ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್) ಕ್ಲೋನ್, ಅಂದರೆ ಇದ್ದ ಹಾಗೇ ನಕಲು. ಹಳೆ ಹಾರ್ಡ್‌ಡಿಸ್ಕ್ ಕಳಚಿ ಕಪಾಟಿಗೆ. ಎಸ್‌ಎಸ್‌ಡಿಯ ಮೇಲೆ ಮಾತ್ರ ಎಲ್ಲಾ ಪ್ರಯೋಗ. ಏನೇ ಕೆಟ್ಟರೂ ಹಳೆ ಡಿಸ್ಕ್ ವಾಪಸ್ ಸಿಕ್ಕಿಸಿದರೆ ಅಂಗಡಿ ಮೊದಲಿನ ಹಾಗೇ ನಡೆಯಬೇಕು.

ಮುಟ್ಟುವ ಮೊದಲು ಮುದ್ರಿಸಿದ್ದು

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಫೈಲು ಡಿಸ್ಕಿನಲ್ಲಿ ಇದ್ದರೆ ಸಾಕಾಗುವುದಿಲ್ಲ. ಅದು ತೆರೆಯಬೇಕು, ಅಕ್ಷರ ಅಕ್ಷರವಾಗಿ ಕಾಣಬೇಕು, ಸಾಲು ಮುರಿಯುವಲ್ಲೇ ಮುರಿಯಬೇಕು. ಕಾಪಿ ಆದ ಫೈಲುಗಳ ಲೆಕ್ಕ ಸರಿ ಬಂತು ಎಂದ ಮಾತ್ರಕ್ಕೆ ಇದು ಯಾವುದೂ ಗೊತ್ತಾಗುವುದಿಲ್ಲ.

ಅದಕ್ಕೆ ಅಕ್ಕನ ಹತ್ತಿರ ಕೂತು ಮಾದರಿ ಫೈಲುಗಳನ್ನು ಆರಿಸಿದೆವು. ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್‌ನಲ್ಲಿ, ನುಡಿ ಎಂಬ ಕನ್ನಡ ಫಾಂಟಿನ ಒಂದು ನೇಮೋತ್ಸವದ ಆಮಂತ್ರಣ. ಫೋಟೊ ಲಿಂಕ್ ಆಗಿರುವ ಒಂದು ಬ್ರಹ್ಮಕಲಶದ ಕರಪತ್ರ. ವರ್ಡ್‌ನಲ್ಲಿ ಬರಹ ಫಾಂಟಿನಲ್ಲಿ ಟೈಪಾದ ಹಳೆ ಲೆಕ್ಕಪತ್ರ. ಯುನಿಕೋಡ್‌ನ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ತುಂಗಾ ಫಾಂಟಿನ ಒಂದು ಅರ್ಜಿ. ಕೋರೆಲ್‌ಡ್ರಾದ ಒಂದು ಬ್ಯಾನರ್. ಎಲ್ಲವನ್ನೂ ಹಳೆ ವಿಂಡೋಸ್‌ನಲ್ಲೇ ತೆರೆದು ಅದೇ ಪ್ರಿಂಟರಿನಲ್ಲಿ ಮುದ್ರಿಸಿ, ಹಿಂಬದಿಯಲ್ಲಿ ಫೈಲ್ ಹೆಸರು, ಫಾಂಟ್ ಹೆಸರು ಬರೆದು ಕ್ಲಿಪ್ ಹಾಕಿಟ್ಟೆವು. ಅಪ್‌ಗ್ರೇಡ್ ಆದ ಮೇಲೆ ಇದೇ ಕಾಗದ ನಮ್ಮ ಅಳತೆಗೋಲು.

ಕಾಪಿ

ಡಿ, ಇ ಡ್ರೈವ್ ಪೂರ್ತಿ ಮತ್ತು ಸಿ ಡ್ರೈವಿನ ಯೂಸರ್ಸ್ ಫೋಲ್ಡರ್. ಎಕ್ಸ್‌ಪ್ಲೋರರ್‌ನಲ್ಲಿ ಎಳೆದು ಬಿಡುವ ಬದಲು ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಬಳಸಿದೆ. ಅದು ಲಾಗ್ ಬರೆದಿಡುತ್ತದೆ, ಕೊನೆಯಲ್ಲಿ ಎಷ್ಟು ಫೈಲ್ ಫೇಲ್ ಆಯಿತು ಎಂದು ಹೇಳುತ್ತದೆ. ಆದರೆ ಎರಡು ಸಂಗತಿ ಗೊತ್ತಿರಬೇಕು. ಒಂದು ಫೈಲ್ ಓದಲಾಗದಿದ್ದರೆ ರೋಬೋಕಾಪಿ ಸುಮ್ಮನೆ ಬಿಟ್ಟರೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತದೆ, ಪ್ರತಿ ಸಲಕ್ಕೂ 30 ಸೆಕೆಂಡ್ ಕಾಯುತ್ತದೆ. ಸೊರಗಿದ ಡಿಸ್ಕಿಗೆ ಅದು ಆಗಿಬರುವುದಿಲ್ಲ. 'ಆರ್' ಮತ್ತು 'ಡಬ್ಲ್ಯೂ' ಸ್ವಿಚ್‌ಗಳಿಗೆ 1 ಎಂದು ಕೊಟ್ಟೆ. ಇನ್ನೊಂದು, 'ಎಕ್ಸ್‌ಜೆ' ಸ್ವಿಚ್. ಯೂಸರ್ಸ್ ಫೋಲ್ಡರಿನ ಒಳಗೆ ಹಳೆ ಕಾಲದ ಹೆಸರಿನ ಕೆಲವು ಕೊಂಡಿಗಳಿರುತ್ತವೆ. ಅವನ್ನು ಹಿಂಬಾಲಿಸಿದರೆ ಫೋಲ್ಡರ್ ಒಳಗೆ ಅದೇ ಫೋಲ್ಡರ್ ಸುತ್ತುತ್ತಾ ಹೋಗುತ್ತದೆ. 'ಎಕ್ಸ್‌ಜೆ' ಕೊಟ್ಟರೆ ಕೊಂಡಿ ಬಿಟ್ಟು ನಿಜವಾದ ಫೈಲ್ ಮಾತ್ರ ತೆಗೆದುಕೊಳ್ಳುತ್ತದೆ. 'ಎಂಐಆರ್' ಎಂಬ ಸ್ವಿಚ್ ಮಾತ್ರ ಇಲ್ಲಿ ಮುಟ್ಟಬೇಡಿ. ಅದು ಹೊರಗಿನ ಡಿಸ್ಕಿನಲ್ಲಿ ಹೆಚ್ಚಿಗೆ ಇದ್ದದ್ದನ್ನು ಅಳಿಸಿ ಹಾಕುತ್ತದೆ.

ಅಕ್ಕನ ಡೆಸ್ಕ್‌ಟಾಪ್ ಫೋಲ್ಡರ್ ಹುಡುಕಿದರೆ ಖಾಲಿ. ಗಾಬರಿಯಾಗುವಂಥದ್ದೇನಲ್ಲ. ಒನ್‌ಡ್ರೈವ್ ತನ್ನಷ್ಟಕ್ಕೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡನ್ನೂ ತನ್ನ ಫೋಲ್ಡರಿಗೆ ಸೇರಿಸಿಕೊಂಡಿತ್ತು. ಅಲ್ಲಿ ಕೆಲವು ಫೈಲಿನ ಬದಿಯಲ್ಲಿ ಮೋಡದ ಗುರುತು. ಅಂದರೆ ಹೆಸರು ಮಾತ್ರ ಇಲ್ಲಿದೆ, ಫೈಲು ಇಂಟರ್‌ನೆಟ್ಟಿನಲ್ಲಿದೆ. ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ "ಯಾವಾಗಲೂ ಈ ಸಾಧನದಲ್ಲಿ ಇರಲಿ" ಎಂಬರ್ಥದ ಆಯ್ಕೆ ಕೊಟ್ಟು, ಎಲ್ಲಾ ಇಳಿದು ಹಸಿರು ಗುರುತು ಬಂದ ಮೇಲೆ ಕಾಪಿ ಮಾಡಿದೆ.

ಲಾಗ್ ಓದಿದಾಗ ಇ ಡ್ರೈವಿನ ಎರಡು ಫೋಟೊ ಫೇಲ್ ಆಗಿದ್ದವು. ಎರಡೂ ಗಿರಾಕಿಗಳು ಕಳಿಸಿದ್ದು. ಅಕ್ಕನ ಜಿಮೇಲ್‌ನಲ್ಲಿ ಹುಡುಕಿದರೆ ಸಿಕ್ಕವು. ಲಾಗ್ ಓದದಿದ್ದರೆ ಮುಂದಿನ ವರ್ಷ ಆ ಕಾರ್ಡ್ ತೆರೆಯುವಾಗಲೇ ಗೊತ್ತಾಗುತ್ತಿತ್ತು. ಆಮೇಲೆ ಆ ಕಾಪಿಯ ಇನ್ನೊಂದು ಕಾಪಿ ಮಾಡಿ, ಅದನ್ನು ಅಂಗಡಿಯಲ್ಲಿಡದೆ ಅಕ್ಕನ ಮನೆಗೆ ಕಳಿಸಿದೆ.

ಫಾಂಟುಗಳು

ಇಲ್ಲಿ ನಿಧಾನ ಮಾಡಬೇಕು. ನುಡಿ, ಬರಹ ಫಾಂಟುಗಳಲ್ಲಿ ಹಳೆ ಕ್ರಮದಲ್ಲಿ ಟೈಪಾದದ್ದು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದಾರೆ. ಫಾಂಟ್ ಇದ್ದರೆ 'ಶ್ರೀ ಕ್ಷೇತ್ರ' ಕಾಣುತ್ತದೆ. ಫಾಂಟ್ ಇಲ್ಲದಿದ್ದರೆ ತಲೆಯ ಮೇಲೆ ಚುಕ್ಕೆ, ಗೆರೆ ಇರುವ ಅರ್ಥವಿಲ್ಲದ ಅಕ್ಷರಗಳ ಸಾಲು. ಫೈಲು ಒಂದಿಷ್ಟೂ ಕೆಟ್ಟಿರುವುದಿಲ್ಲ, ಆದರೂ ಅಂಗಡಿಗೆ ಅದು ಹೋದ ಹಾಗೆಯೇ. ಫೈಲು ಉಳಿಸುವುದು ಅಂದರೆ ಇಂಥ ಅಂಗಡಿಯಲ್ಲಿ ಫಾಂಟ್ ಉಳಿಸುವುದೂ ಸೇರಿತು.

ಫಾಂಟುಗಳು ಎಲ್ಲಿರುತ್ತವೆ? ಸಿ ಡ್ರೈವಿನ ವಿಂಡೋಸ್ ಫೋಲ್ಡರಿನ ಫಾಂಟ್ಸ್‌ನಲ್ಲಿ ಎಂದು ಎಲ್ಲರಿಗೂ ಗೊತ್ತು. ಆದರೆ ವಿಂಡೋಸ್ 10ರ 1809ನೇ ಆವೃತ್ತಿಯಿಂದ ಈಚೆಗೆ, ಫಾಂಟ್ ಫೈಲಿನ ಮೇಲೆ ಸೀದಾ "ಇನ್‌ಸ್ಟಾಲ್" ಒತ್ತಿದರೆ ಅದು ಅಲ್ಲಿಗೆ ಹೋಗುವುದಿಲ್ಲ. ಆ ಬಳಕೆದಾರರ ಫೋಲ್ಡರಿನ ಆ್ಯಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್, ಇಷ್ಟು ಒಳಗೆ ಹೋಗಿ ಕೂರುತ್ತದೆ. ಆ್ಯಪ್‌ಡೇಟಾ ಕಣ್ಣಿಗೆ ಕಾಣದ ಫೋಲ್ಡರ್. ಅಕ್ಕನ ಯಂತ್ರದಲ್ಲಿ ಶೀರ್ಷಿಕೆಗೆ ಬಳಸುವ ಅಲಂಕಾರದ ಫಾಂಟುಗಳೆಲ್ಲ ಅಲ್ಲೇ ಇದ್ದವು. ಎರಡೂ ಜಾಗದಿಂದ ತೆಗೆದು ಬೇರೆ ಫೋಲ್ಡರ್ ಮಾಡಿಟ್ಟೆ.

"ಫಾಂಟ್ ಇಂಟರ್‌ನೆಟ್ಟಲ್ಲಿ ಸಿಗುದಿಲ್ವಾ? ಮತ್ತೆ ಹಾಕಿದ್ರಾಯ್ತಲ್ಲ" ಎಂದು ಅಕ್ಕ ಕೇಳಿದರು. "ಸಿಗ್ತದೆ ಅಕ್ಕ, ಆದ್ರೆ ನಿಮ್ಮ ಫೈಲ್ ಮಾಡಿದ್ದು ಈ ಫಾಂಟಿನಲ್ಲಿ. ಇದೇ ಇರ್ಲಿ" ಅಂದೆ. ಹೆಸರು ಒಂದೇ ಇದ್ದರೂ ಬೇರೆ ಆವೃತ್ತಿಯಲ್ಲಿ ಅಕ್ಷರದ ಅಗಲ ಕೂದಲೆಳೆ ಬದಲಾದರೆ ಸಾಲು ಮುರಿಯುವ ಜಾಗ ಬದಲಾಗುತ್ತದೆ. ಕಾರ್ಡಿನ ಕೆಲಸದಲ್ಲಿ ಅದು ಸಣ್ಣ ವಿಷಯವಲ್ಲ.

ನುಡಿಯ ಕೀಲಿಮಣೆ ತಂತ್ರಾಂಶದ ಇನ್‌ಸ್ಟಾಲರ್ ಕೂಡ ಜೊತೆಗೆ ತೆಗೆದಿಟ್ಟೆ. ಅಕ್ಕನ ಬೆರಳುಗಳಿಗೆ ಆ ವಿನ್ಯಾಸ ಬಿಟ್ಟು ಬೇರೆ ಬರುವುದಿಲ್ಲ. ಅದನ್ನು ರೂಪಿಸಿದ ಕೆ. ಪಿ. ರಾವ್ ಇಲ್ಲೇ ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ಈ ವಿನ್ಯಾಸ ಇಲ್ಲದಿದ್ದರೆ ಕರ್ನಾಟಕದ ಅರ್ಧ ಡಿಟಿಪಿ ಅಂಗಡಿಗಳ ಕೆಲಸ ನಿಲ್ಲುತ್ತದೆ ಎಂದು ನನಗೆ ಅನ್ನಿಸುತ್ತದೆ. ಅವರ ಹೆಸರು ಇಂಥ ಕಡೆ ಹೇಳದೆ ಹೋಗಬಾರದು.

ಎಸ್‌ಎಸ್‌ಡಿ ಮತ್ತು ಜಿಪಿಟಿ

ಬೋರ್ಡಿನಲ್ಲಿ ಎಂ.2 ಜಾಗ (ಎಸ್‌ಎಸ್‌ಡಿಯನ್ನು ಸೀದಾ ಬೋರ್ಡಿಗೇ ಸಿಕ್ಕಿಸುವಂಥದ್ದು) ಇತ್ತು. ಆದರೂ 1 ಟಿಬಿಯ ಸಾಟಾ ಎಸ್‌ಎಸ್‌ಡಿಯನ್ನೇ ತಂದೆ. ಹಳೆ ಡಿಸ್ಕ್ ಇದ್ದ ಕೇಬಲ್ಲಿಗೇ ಸಿಕ್ಕಿಸಬಹುದು, ಕ್ಲೋನ್ ಆದ ವಿಂಡೋಸ್‌ಗೆ ಹೊಸ ಡ್ರೈವರಿನ ತಕರಾರು ಬರುವುದಿಲ್ಲ. ಹಾರ್ಡ್‌ಡಿಸ್ಕಿನಿಂದ ಬಂದವರಿಗೆ ಈ ವೇಗವೇ ಬೇಕಾದಷ್ಟಾಯಿತು.

ಕ್ಯಾಬಿನೆಟ್ ತೆರೆದದ್ದೇ ನಮ್ಮ ಕರಾವಳಿಯ ಧೂಳು ಕಂಡಿತು. ತೇವಕ್ಕೆ ಅಂಟಾಗಿ, ಊದಿದರೆ ಹೋಗದಂಥದ್ದು. ಬ್ರಷ್‌ನಲ್ಲಿ ಕೂಲರ್ ಸ್ವಚ್ಛ ಮಾಡಿ, ರ್‍ಯಾಮ್ ಕಡ್ಡಿಯ ಹಿತ್ತಾಳೆ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಬೋರ್ಡಿನ ನಾಣ್ಯದಂಥ ಸೆಲ್, ಸಿಆರ್2032, ಅದನ್ನೂ ಬದಲಾಯಿಸಿದೆ. ಇದಕ್ಕೆ ಕಾರಣ ಉಂಟು. ಸಿಡಿಲಿಗೆ ಹೆದರಿ ನಮ್ಮ ಕಡೆ ರಾತ್ರಿ ಪ್ಲಗ್ಗೇ ಕಿತ್ತಿಡುತ್ತಾರೆ. ಆಗ ಗಡಿಯಾರ, ಬಯಾಸ್ ಸೆಟ್ಟಿಂಗ್ ಎಲ್ಲ ಆ ಸೆಲ್ಲಿನ ಮೇಲೆಯೇ ನಿಂತಿರುತ್ತದೆ. ಸೆಲ್ ಸತ್ತರೆ ಬೆಳಿಗ್ಗೆ ಬಯಾಸ್ ಮತ್ತೆ ಹಳೆ ಲೆಗಸಿ ಮೋಡಿಗೆ ಹೋಗಿ, ವಿಂಡೋಸ್ ಸಿಗುವುದಿಲ್ಲ ಎಂದು ಪರದೆ ನಿಲ್ಲಬಹುದು. ಅಂಗಡಿಯವರು "ಅಪ್‌ಗ್ರೇಡಿಂದ ಹಾಳಾಯ್ತು" ಎಂದುಕೊಳ್ಳುತ್ತಾರೆ. ಕೆಲವೇ ರೂಪಾಯಿಯ ಸೆಲ್, ಮೊದಲೇ ಹಾಕಿಬಿಡಿ.

ಎಂಬಿಆರ್‌ನಿಂದ ಜಿಪಿಟಿಗೆ ಹೋಗಲು ವಿಂಡೋಸ್ 10ರ 1703ನೇ ಆವೃತ್ತಿಯಿಂದ ಎಂಬಿಆರ್‌2ಜಿಪಿಟಿ ಎಂಬ ಉಪಕರಣ ಒಳಗೇ ಬರುತ್ತದೆ. ಫೈಲು ಅಳಿಸದೆ ಬದಲಾಯಿಸುತ್ತದೆ. ಆದರೆ ಅದಕ್ಕೊಂದು ಶರತ್ತು. ಡಿಸ್ಕಿನಲ್ಲಿ ಪ್ರೈಮರಿ ಪಾರ್ಟಿಷನ್ ಮೂರಕ್ಕಿಂತ ಹೆಚ್ಚಿರಬಾರದು, ಎಕ್ಸ್‌ಟೆಂಡೆಡ್ ಪಾರ್ಟಿಷನ್ ಇರಲೇಬಾರದು. ಸಿ, ಡಿ, ಇ ಮಾಡಿಕೊಟ್ಟ ಹಳೆ ಯಂತ್ರಗಳಲ್ಲಿ ಸಿಸ್ಟಮ್ ರಿಸರ್ವ್ಡ್, ಸಿ, ಡಿ ಮೂರು ಪ್ರೈಮರಿ ಆಗಿ, ಇ ಹೋಗಿ ಎಕ್ಸ್‌ಟೆಂಡೆಡ್ ಒಳಗೆ ಕೂತಿರುತ್ತದೆ. ಇಲ್ಲೂ ಹಾಗೇ ಇತ್ತು. ಹಳೆ ಡಿಸ್ಕಿನಲ್ಲೇ ಪ್ರಯತ್ನಿಸಿದ್ದರೆ ಇ ಡ್ರೈವ್ ಅಳಿಸಬೇಕಾಗುತ್ತಿತ್ತು. ಸಿಸ್ಟಮ್ ರಿಸರ್ವ್ಡ್ ಮತ್ತು ಸಿ ಎರಡನ್ನೇ ಆರಿಸಿ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದ್ದರಿಂದ ಆ ತೊಡಕು ತಾನಾಗಿ ಬಿಟ್ಟಿತು.

ಕ್ಲೋನ್ ಮುಗಿದ ಕೂಡಲೇ ಕಂಪ್ಯೂಟರ್ ಆಫ್ ಮಾಡಿ ಹಳೆ ಡಿಸ್ಕಿನ ಕೇಬಲ್ ಕಿತ್ತೆ. ಎರಡೂ ಒಟ್ಟಿಗೆ ಇಟ್ಟು ಬೂಟ್ ಮಾಡಬಾರದು. ಕ್ಲೋನ್ ಆದ ಎರಡು ಡಿಸ್ಕಿಗೂ ಗುರುತಿನ ಸಂಖ್ಯೆ ಒಂದೇ ಇದ್ದರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿಬಿಡುತ್ತದೆ. ಎಸ್‌ಎಸ್‌ಡಿಯಿಂದ ಹಳೆ ವಿಂಡೋಸ್ 10 ಮೊದಲಿನಂತೆ ತೆರೆಯಿತು. ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮೊದಲು 'ವ್ಯಾಲಿಡೇಟ್', ಅದು ಸರಿ ಎಂದ ಮೇಲೆ 'ಕನ್ವರ್ಟ್', ಎರಡಕ್ಕೂ ಜೊತೆಯಲ್ಲಿ 'ಅಲೋಫುಲ್‌ಒಎಸ್' (ವಿಂಡೋಸ್ ಓಡುತ್ತಿರುವಾಗಲೇ ಮಾಡಲು). ಕೊನೆಯಲ್ಲಿ ರಿಏಜೆಂಟ್ ಫೈಲ್ ಅಪ್‌ಡೇಟ್ ಆಗಲಿಲ್ಲ ಎಂಬ ಎಚ್ಚರಿಕೆ ಬಂತು. ಇದು ಬಹಳ ಜನರಿಗೆ ಬರುತ್ತದೆ, ಕೆಲಸ ಕೆಟ್ಟಿತು ಎಂದಲ್ಲ. ರಿಕವರಿ ಭಾಗದ ವಿಳಾಸ ಬದಲಾದದ್ದು ಅಷ್ಟೇ. ಆಮೇಲೆ ರಿಏಜೆಂಟ್‌ಸಿ ಕಮಾಂಡನ್ನು ಒಮ್ಮೆ 'ಡಿಸೇಬಲ್', ಒಮ್ಮೆ 'ಎನೇಬಲ್' ಕೊಟ್ಟರೆ ಸರಿಯಾಗುತ್ತದೆ.

ರೀಸ್ಟಾರ್ಟ್ ಮಾಡಿ ಸೀದಾ ಬಯಾಸ್‌ಗೆ. ಸಿಎಸ್‌ಎಂ (ಹಳೆ ಲೆಗಸಿ ಕ್ರಮದ ಹೊಂದಾಣಿಕೆ) ಆಫ್, ಪಿಟಿಟಿ ಆನ್, ಸೆಕ್ಯೂರ್ ಬೂಟ್ ಆನ್. ವಿಂಡೋಸ್ ತೆರೆಯಿತು. ಬಯಾಸ್ ಮೋಡ್ ಯುಇಎಫ್ಐ, ಟಿಪಿಎಂ 2.0. ಆ ತಪಾಸಣೆಯ ಆ್ಯಪ್ ಈಗ ಎಲ್ಲದಕ್ಕೂ ಹಸಿರು ತೋರಿಸಿತು. ಹೊಸ ಕಂಪ್ಯೂಟರಿನ ಖರ್ಚು ಉಳಿಯಿತು.

ನಿಮ್ಮ ಯಂತ್ರದಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ) ಆನ್ ಇದ್ದರೆ ಬಯಾಸ್ ಮುಟ್ಟುವ ಮೊದಲು ಅದನ್ನು ತಡೆಹಿಡಿಯಬೇಕು. 48 ಅಂಕಿಯ ರಿಕವರಿ ಕೀಲಿಯನ್ನು ಕಾಗದದಲ್ಲಿ ಬರೆದಿಡಬೇಕು. ಆ ಕೀಲಿ ಇಲ್ಲದೆ ಸಿಕ್ಕಿಬಿದ್ದರೆ ಫೈಲು ಕಣ್ಣೆದುರೇ ಇದ್ದರೂ ಕೈಗೆ ಸಿಗುವುದಿಲ್ಲ. ಅಕ್ಕನ ಯಂತ್ರದಲ್ಲಿ ಅದು ಆನ್ ಇರಲಿಲ್ಲ.

ಅಪ್‌ಗ್ರೇಡ್

ಇದರಲ್ಲಿ ಹೇಳುವುದು ಕಡಿಮೆ. ಮೈಕ್ರೋಸಾಫ್ಟ್‌ನ ಐಎಸ್‌ಒ ಫೈಲ್ (ಇಡೀ ವಿಂಡೋಸ್ ಇನ್‌ಸ್ಟಾಲರ್ ಒಂದೇ ಫೈಲಿನಲ್ಲಿ) ಇಳಿಸಿ, ವಿಂಡೋಸ್ ಒಳಗಿನಿಂದಲೇ ತೆರೆದು ಸೆಟಪ್ ಓಡಿಸುವುದು. ಪೆನ್‌ಡ್ರೈವಿನಿಂದ ಬೂಟ್ ಮಾಡಿ ಓಡಿಸಿದರೆ ಪ್ರೋಗ್ರಾಂಗಳು ಉಳಿಯುವುದಿಲ್ಲ. "ಫೈಲು ಮತ್ತು ಆ್ಯಪ್ ಎರಡನ್ನೂ ಉಳಿಸು" ಎಂಬ ಆಯ್ಕೆ ಕಾಣಬೇಕು. ಅದು ಮಸುಕಾಗಿದ್ದರೆ ಅಲ್ಲೇ ನಿಲ್ಲಿಸಿ, ಮುಂದೆ ಹೋಗಬೇಡಿ.

ಮಸುಕಾಗಲು ಸಾಮಾನ್ಯ ಕಾರಣ ಭಾಷೆ. ಇಂಗ್ಲಿಷ್ ಐಎಸ್‌ಒದಲ್ಲಿ ಎರಡು ಬಗೆ ಉಂಟು: ಅಮೆರಿಕದ್ದು, ಇಂಟರ್‌ನ್ಯಾಷನಲ್. ಮೊದಲು ಯಾವುದು ಹಾಕಿದ್ದಾರೋ ಅದೇ ಬೇಕು. ವಿಂಡೋಸ್‌ನಲ್ಲೇ ಇರುವ ಡಿಐಎಸ್‌ಎಂ ಕಮಾಂಡಿನಲ್ಲಿ 'ಗೆಟ್-ಇಂಟ್ಲ್' ಕೊಟ್ಟರೆ ಯಾವುದೆಂದು ಹೇಳುತ್ತದೆ. ಅಕ್ಕನದ್ದು ಇಂಟರ್‌ನ್ಯಾಷನಲ್. ಇನ್ನೊಂದು ವಿಷಯ, ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ನಿಮ್ಮ ಹಳೆ ವಿಂಡೋಸ್ 32 ಬಿಟ್ ಆಗಿದ್ದರೆ ಈ ದಾರಿ ಇಲ್ಲ, ಎಲ್ಲಾ ಹೊಸದಾಗಿ ಹಾಕಬೇಕು.

ಸಿ ಡ್ರೈವಿನಲ್ಲಿ ಜಾಗ ಬೇಕಾದಷ್ಟಿತ್ತು. ಯುಪಿಎಸ್ ಮೇಲೆ, ಅಂಗಡಿ ಮುಚ್ಚಿದ ಮೇಲೆ ಓಡಿಸಿದೆ. ಮಧ್ಯೆ ಒಮ್ಮೆ ಕರೆಂಟ್ ಮಿಣುಕಿತು, ಯುಪಿಎಸ್ ಕೀಂ ಅಂದು ಸುಮ್ಮನಾಯಿತು. ಹೊಸ ಬ್ಯಾಟರಿಯ ದುಡ್ಡು ಅಲ್ಲೇ ವಸೂಲಾಯಿತು.

ಕಾಗದಕ್ಕೆ ಕಾಗದ ಹಿಡಿದು

ವಿಂಡೋಸ್ 11 ಬಂತು. ಎಸ್‌ಎಸ್‌ಡಿಯಲ್ಲಿ ಉಳಿದ ಜಾಗದಲ್ಲಿ ಹೊಸ ಡಿ, ಇ ಮಾಡಿದೆ. ಅಕ್ಷರ ಅವೇ ಇರಬೇಕು. ಪೇಜ್‌ಮೇಕರ್ ಫೋಟೊಗಳನ್ನು ಲಿಂಕ್ ಮೂಲಕ ಹುಡುಕುತ್ತದೆ, ಆ ಲಿಂಕಿನಲ್ಲಿ 'ಡಿ' ಎಂದೇ ಬರೆದಿರುತ್ತದೆ. ಫೈಲುಗಳನ್ನು ಹೊರಗಿನ ಡಿಸ್ಕಿನಿಂದ ತುಂಬಿದೆ, ಕಪಾಟಿನ ಹಳೆ ಡಿಸ್ಕಿನಿಂದ ಅಲ್ಲ. ಬ್ಯಾಕಪ್ ನಿಜವಾಗಿ ಕೆಲಸಕ್ಕೆ ಬರುತ್ತದಾ ಎಂದು ನೋಡಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಆಮೇಲೆ ಮಾದರಿ ಫೈಲುಗಳು. ಒಂದೊಂದೇ ತೆರೆದು ಮುದ್ರಿಸಿ, ಹಳೆ ಹಾಳೆ ಹೊಸ ಹಾಳೆ ಒಂದರ ಮೇಲೊಂದು ಇಟ್ಟು ಟ್ಯೂಬ್‌ಲೈಟಿಗೆ ಹಿಡಿದೆವು. ವರ್ಡ್‌ನದ್ದು ಸರಿ. ತುಂಗಾದ್ದೂ ಸರಿ. ಹಳೆಯದರ ಮೇಲೆಯೇ ಏರಿಸುವ ಇನ್-ಪ್ಲೇಸ್ ಅಪ್‌ಗ್ರೇಡ್‌ನಲ್ಲಿ ಅದು ಹಾಗೇ ಉಳಿದಿತ್ತು. ಹೊಸದಾಗಿ ಹಾಕಿದ ವಿಂಡೋಸ್ ಆದರೆ ತುಂಗಾ ಇರುವುದಿಲ್ಲ. ಐಚ್ಛಿಕ ಸೌಲಭ್ಯಗಳಲ್ಲಿ ಕನ್ನಡದ ಪೂರಕ ಫಾಂಟುಗಳನ್ನು ಸೇರಿಸಬೇಕು. ಕೋರೆಲ್ ಸರಿ. ಕರಪತ್ರದ ಫೋಟೊಗಳೂ ಬಂದವು.

ನೇಮೋತ್ಸವದ ಆಮಂತ್ರಣದಲ್ಲಿ ಅಕ್ಷರ ಎಲ್ಲ ಸರಿ, ಒತ್ತು ದೀರ್ಘ ಎಲ್ಲ ಅದರದರ ಜಾಗದಲ್ಲಿ. ಆದರೆ ಅಕ್ಕ ಹಾಳೆ ಹಿಡಿದುಕೊಂಡೇ, "ಇಲ್ಲಿ ನೋಡು, ಮೊಕ್ತೇಸರರ ಹೆಸರು ಕೆಳಗೆ ಬಂತು" ಅಂದರು. ನಿಜ. ಬೆಳಕಿನಲ್ಲಿ ಮೇಲಿನ ಸಾಲುಗಳು ಒಂದರ ಮೇಲೊಂದು ಕೂತಿದ್ದವು, ಆ ಒಂದು ಸಾಲು ಮಾತ್ರ ಎರಡಾಗಿತ್ತು.

ಕಾರಣ ಪ್ರಿಂಟರ್. ಪೇಜ್‌ಮೇಕರ್ ಪುಟವನ್ನು ಯಾವ ಪ್ರಿಂಟರಿಗಾಗಿ ಜೋಡಿಸುತ್ತಿದೆ ಎಂಬುದನ್ನು ಫೈಲಿನೊಳಗೇ ಇಟ್ಟುಕೊಳ್ಳುತ್ತದೆ. ಡಾಕ್ಯುಮೆಂಟ್ ಸೆಟಪ್‌ನಲ್ಲಿ "ಕಂಪೋಸ್ ಟು ಪ್ರಿಂಟರ್" ಎಂದು ಇರುವುದು ಅದೇ. ಅಪ್‌ಗ್ರೇಡ್ ಆದ ಮೇಲೆ ವಿಂಡೋಸ್ ಲೇಸರ್ ಪ್ರಿಂಟರಿಗೆ ತನ್ನದೇ ಡ್ರೈವರ್ ಹಾಕಿ, ಹೆಸರಿನ ಮುಂದೆ 'ಕಾಪಿ 1' ಸೇರಿಸಿ, ಡಿಫಾಲ್ಟನ್ನೂ ಬದಲಾಯಿಸಿತ್ತು. ಪೇಜ್‌ಮೇಕರ್ ಸಾಲುಗಳನ್ನು ಹೊಸದಾಗಿ ಲೆಕ್ಕ ಹಾಕಿತ್ತು. ಮೊದಲೇ ತೆಗೆದಿಟ್ಟ ಹಳೆ ಡ್ರೈವರ್ ಹಾಕಿ, ಹಳೆ ಹೆಸರನ್ನೇ ಕೊಟ್ಟು, ಡಿಫಾಲ್ಟ್ ಮಾಡಿ, "ಡಿಫಾಲ್ಟ್ ಪ್ರಿಂಟರನ್ನು ವಿಂಡೋಸ್ ನೋಡಿಕೊಳ್ಳಲಿ" ಎಂಬುದನ್ನು ಆಫ್ ಮಾಡಿದೆ. ಸೇವ್ ಮಾಡದೆ ಮುಚ್ಚಿದ್ದ ಫೈಲನ್ನು ಮತ್ತೆ ತೆರೆದಾಗ ಮೊಕ್ತೇಸರರು ತಮ್ಮ ಸಾಲಿಗೆ ವಾಪಸ್ ಬಂದರು. ಹಾಳೆ ಹಿಡಿದು ನೋಡಿದೆವು, ಕೂದಲಷ್ಟೂ ವ್ಯತ್ಯಾಸ ಇಲ್ಲ.

ಫೈಲ್ ಲೆಕ್ಕ ಮಾತ್ರ ನೋಡಿ "ಆಯ್ತು" ಎಂದು ಎದ್ದು ಹೋಗಿದ್ದರೆ ಇದು ಸೀಸನ್ನಿನಲ್ಲಿ, ಸಾವಿರ ಕಾರ್ಡ್ ಅಚ್ಚಾದ ಮೇಲೆ ಗೊತ್ತಾಗುತ್ತಿತ್ತು.

ಇನ್ನು ಉಳಿದದ್ದು

ಅಪ್‌ಗ್ರೇಡ್ ಬೇಡವೆನಿಸಿದರೆ ಹಿಂದಕ್ಕೆ ಹೋಗಲು ವಿಂಡೋಸ್ ಕೊಡುವುದು 10 ದಿನ. ಆಮೇಲೆ ಹಳೆ ವಿಂಡೋಸ್ ಇರುವ ವಿಂಡೋಸ್.ಓಲ್ಡ್ ಫೋಲ್ಡರನ್ನು ತಾನೇ ಅಳಿಸುತ್ತದೆ. ಡಿಐಎಸ್‌ಎಂನಲ್ಲಿ 'ಸೆಟ್-ಒಎಸ್‌ಅನ್‌ಇನ್‌ಸ್ಟಾಲ್‌ವಿಂಡೋ' ಕೊಟ್ಟು ಅದನ್ನು 60 ದಿನದವರೆಗೆ ಹಿಗ್ಗಿಸಬಹುದು. ಆ ಹತ್ತು ದಿನ ಮುಗಿಯುವ ಮೊದಲೇ ಮಾಡಬೇಕು. ನಾನು ಅಪ್‌ಗ್ರೇಡ್ ಆದ ಕೂಡಲೇ 60 ಮಾಡಿಟ್ಟೆ. ಹಳೆ ಹಾರ್ಡ್‌ಡಿಸ್ಕ್ ಹೇಗೂ ಕಪಾಟಿನಲ್ಲಿದೆ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ. ಅದನ್ನು ಕೆಲಸಕ್ಕೆ ಇನ್ನು ಬಳಸುವುದಿಲ್ಲ, ಅಳಿಸುವುದೂ ಇಲ್ಲ.

ಪೇಜ್‌ಮೇಕರ್ ವಿಷಯ ಅಕ್ಕನಿಗೆ ನೇರವಾಗಿ ಹೇಳಿದೆ. 2001ರ 7ನೇ ಆವೃತ್ತಿಯೇ ಅದರ ಕೊನೆಯದ್ದು. ಈಗ ಓಡುತ್ತಿದೆ, ಮುಂದಿನ ವಿಂಡೋಸ್‌ನಲ್ಲಿ ಓಡುತ್ತದೆ ಎಂದು ಯಾರೂ ಮಾತು ಕೊಡುವುದಿಲ್ಲ. ಅದರ ಫೈಲುಗಳನ್ನು ಇನ್‌ಡಿಸೈನ್ ತೆರೆಯುತ್ತಿದ್ದದ್ದು ಸಿಎಸ್6ವರೆಗೆ ಮಾತ್ರ. ಅದಕ್ಕೆ ಈ ಮಳೆಗಾಲದಲ್ಲಿ, ಪ್ರತಿ ವರ್ಷ ವಾಪಸ್ ಬರುವ ಕಾರ್ಡುಗಳನ್ನೆಲ್ಲ ಪಿಡಿಎಫ್ ಮಾಡಿ, ಪಠ್ಯವನ್ನು ಯುನಿಕೋಡ್‌ಗೆ ಬದಲಾಯಿಸಿ ಇಡುವ ಕೆಲಸ ಶುರು ಮಾಡಿದ್ದೇವೆ.

ಬದಲಾಯಿಸುವ ತಂತ್ರಾಂಶಗಳು ಹೆಚ್ಚಿನದನ್ನು ಸರಿಯಾಗಿಯೇ ಮಾಡುತ್ತವೆ. ಕಣ್ಣಿಡಬೇಕಾದದ್ದು ಅರ್ಕಾವತ್ತಿನ, ಅಂದರೆ ರೇಫದ, ಮೇಲೆ. ಹಳೆ ಫಾಂಟುಗಳಲ್ಲಿ 'ಧರ್ಮ' ಎಂದು ಟೈಪಾದಾಗ ಆ ರೇಫದ ಗುರುತು 'ಮ'ದ ನಂತರ ಕೂತಿರುತ್ತದೆ, ಕಣ್ಣಿಗೆ ಕಾಣುವ ಕ್ರಮದಲ್ಲೇ. ಯುನಿಕೋಡ್‌ನಲ್ಲಿ ಅದು 'ಮ'ಕ್ಕಿಂತ ಮೊದಲು ಬರಬೇಕು. ಉದ್ದದ ಒತ್ತಕ್ಷರ ಇರುವ ಕಡೆ ಆ ರೇಫ ತಪ್ಪು ಅಕ್ಷರಕ್ಕೆ ಹೋಗಿ ಅಂಟಿಕೊಳ್ಳುವುದುಂಟು. ಧರ್ಮದರ್ಶಿ, ಮಾರ್ಗದರ್ಶನ, ಆಶೀರ್ವಾದ, ಕಾರ್ಯಕ್ರಮ: ಆಮಂತ್ರಣದಲ್ಲಿ ಇಂಥವೇ ಜಾಸ್ತಿ. ಅಕ್ಕ ಓದುತ್ತಾರೆ, ನಾನು ತಿದ್ದುತ್ತೇನೆ. ಬ್ರಹ್ಮಕಲಶದ ಫೋಲ್ಡರ್ ಮುಗಿದಿದೆ, ಈಗ ಮದುವೆಯದ್ದು ನಡೆಯುತ್ತಿದೆ.